ಆರು ಪಾಯಿಂಟ್ ಎಂಟು

ಜನವರಿ 5, ಭಾನುವಾರ

ಇವತ್ತು ನಮ್ಮ ಮನೆಯಲ್ಲಿ ರಕ್ತ ತೆಗೆಸುವ ಸಂಭ್ರಮ. ಐರೋಲಿಯ ಆಫೀಸಿನಲ್ಲಿ ಯಾರೋ ಅಪ್ಪ ಅಮ್ಮನಿಗೆ ಮಾಡಿಸಿದರೆಂದು ನಮ್ಮ ಮಗ ಸುಜನ್ ಕೂಡ ನಮಗೆ 'ಕಪಲ್ ಪ್ಯಾಕೇಜ್' ಬುಕ್ ಮಾಡಿದ್ದ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ದರ. ಮದುವೆಯಾದ ಮೇಲೆ ನಾವಿಬ್ಬರೂ ಜೋಡಿಯಾಗಿ ಮಾಡಿದ ಕೆಲಸ ಬಹುಶಃ ಇದೊಂದೇ. ನನ್ನ ಮೊಬೈಲಿನಿಂದ ಮಾಡಿದರೆ ಹೊಸ ಗಿರಾಕಿಯ ರಿಯಾಯಿತಿ ಸಿಗುತ್ತದೆಂದು ಅದರಿಂದಲೇ ಮಾಡಿದನಂತೆ. ಹಾಗಾಗಿ ನನ್ನ ಹೆಸರು ಮೊದಲು, ಇವರ ಹೆಸರು ಎರಡನೆಯದು.

ಇವರೆಂದರೆ ತುರ್ಭೆಯ ಕ್ಯಾಂಟೀನಿನ ಧಣಿ ಪ್ರೇಮನಾಥರು. ನಿನ್ನೆ ಸಂಜೆಯಿಂದ ದೊಡ್ಡ ವ್ರತ ಹಿಡಿದವರ ಹಾಗೆ ಉಪವಾಸ. ಬೆಳಿಗ್ಗೆ ನೀರು ಕುಡಿಯಬಹುದೇ ಎಂದು ನನ್ನನ್ನು ಎರಡು ಸಲ ಕೇಳಿದರು, ನಾನೇ ಲ್ಯಾಬು ನಡೆಸುವವಳ ಹಾಗೆ.

ಲ್ಯಾಬಿನವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಒಳಗೆ ಬಂದ. ಊಟದ ಮೇಜಿನ ಮೇಲೆ ಡಬ್ಬಿ ಬಿಚ್ಚಿ, ಫೋನಿನಲ್ಲಿದ್ದ ಹೆಸರಿನ ಪ್ರಕಾರ ಟ್ಯೂಬುಗಳಿಗೆ ಚೀಟಿ ಅಂಟಿಸಿಟ್ಟ. ಮೊದಲನೆಯ ಜೊತೆ ಮುಂದೆ, ಎರಡನೆಯದು ಹಿಂದೆ. 'ಆಯಿಯೇ' ಎಂದು ಕರೆದ. ನಾನು ಕಾವಲಿಯ ಮುಂದಿದ್ದೆ. ಈ ಮನೆಯಲ್ಲಿ ಕಾಫಿ, ಬಿಸಿನೀರು, ಪೇಪರು, ಮೊದಲ ದೋಸೆ ಎಲ್ಲವೂ ಮೊದಲು ಇವರಿಗೆ. "ಮೊದಲು ಇವರದ್ದಾಗಲಿ" ಎಂದೆ. ಇವರು ಸಿಂಹಾಸನ ಏರುವವರಂತೆ ಕುರ್ಚಿಯಲ್ಲಿ ಕೂತು ತೋಳು ಚಾಚಿದರು. ಅವನು ಮುಂದಿದ್ದ ಟ್ಯೂಬನ್ನು ಎತ್ತಿ ತುಂಬಿಸಿದ. ಆಮೇಲೆ ನಾನು ಒಂದು ಕೈಯಲ್ಲಿ ಸಟ್ಟುಗ ಹಿಡಿದೇ ಇನ್ನೊಂದು ಕೈ ಕೊಟ್ಟೆ. ಹಿಂದಿನ ಟ್ಯೂಬಿಗೆ ನನ್ನದು. ಹೆಸರು ಕೇಳಲಿಲ್ಲ, ಮುಖ ನೋಡಲಿಲ್ಲ, ದೋಸೆ ಬೇಕೇ ಎಂದದ್ದಕ್ಕೆ ಮಾತ್ರ ತಲೆ ಎತ್ತಿದ. ಇಂಥವರ ಕೈಗೆ ನಮ್ಮ ರಕ್ತ.

ಮಧ್ಯಾಹ್ನ ಅಕ್ಕಿ ಆರಿಸುತ್ತಾ ಅರ್ಧ ಮುಷ್ಟಿ ಹಸಿಯಾಗಿಯೇ ಜಗಿದು ಮುಗಿಸಿದೆ. ಈಚೆಗೆ ಇದೊಂದು ಕೆಟ್ಟ ಚಟ.

ಜನವರಿ 6, ಸೋಮವಾರ

ರಿಪೋರ್ಟು ಬಂತು. ಇವರ ಹಿಮೋಗ್ಲೋಬಿನ್ 6.8. ಗಂಡಸರಿಗೆ ಹದಿಮೂರಾದರೂ ಇರಬೇಕಂತೆ. ನನಗೆ ರಕ್ತ ಬೇಕಾದಷ್ಟಿದೆ, ಆದರೆ ಮೂರು ತಿಂಗಳ ಸಕ್ಕರೆಯ ಲೆಕ್ಕ 8.9. ಅಂದರೆ ಡಯಾಬಿಟಿಸ್.

ಸಂಜೆ ಚಂದ್ರಾಮ ಡಾಕ್ಟರ ಹತ್ತಿರ ಹೋದೆವು. ವಿಜಯಪುರದವರು, ಡೊಂಬಿವಲಿಯ ಅರ್ಧ ಕನ್ನಡಿಗರ ಜ್ವರ ಕೆಮ್ಮು ಅವರ ಕೈಯಲ್ಲೇ. ಸುಜನನ ಫೋನಿನಲ್ಲಿ ಅಂಕಿ ನೋಡಿದವರೇ ಕುರ್ಚಿಯಿಂದ ಎದ್ದು ನಿಂತರು.

"ಪ್ರೇಮನಾಥ ಅವ್ರ, ಆರು ಪಾಯಿಂಟ್ ಎಂಟು ಇಟ್ಕೊಂಡು ಹೆಂಗ ನಡಕೋತ ಬಂದ್ರಿ? ಗಂಡಸರ ಮೈಯಾಗ ಇಷ್ಟು ರಕ್ತ ಕಡಿಮಿ ಆಗೇದ ಅಂದ್ರ ಒಳಗ ಎಲ್ಲೋ ಸೋರ್ಲಿಕತ್ತದ. ಹುಡುಕಬೇಕು. ಇದು ಆಟ ಅಲ್ಲ."

ನಡೆದುಕೊಂಡು ಬಂದಿದ್ದ ಇವರು ಆ ಮಾತು ಕೇಳಿದ ಕೂಡಲೇ ನಡೆಯಲಾರದವರಾದರು. ಸುಜನ್ ಕೈ ಹಿಡಿದು ಬೆಂಚಿಗೆ ಕೂರಿಸಿದ.

ನನ್ನ ಸರದಿ ಬಂದಾಗ ಡಾಕ್ಟರು ಕೂತಾಗಿತ್ತು. "ನಿಮಗ ಸಕ್ರಿ ಅದರಿ ಅಮ್ಮಾರ. ಅನ್ನ ಬಿಡ್ರಿ, ಹಣ್ಣು ಬಿಡ್ರಿ, ಬೆಲ್ಲ ಮುಟ್ಟಬ್ಯಾಡ್ರಿ. ಈ ಗುಳಿಗಿ ಚಾಲೂ ಮಾಡ್ರಿ." ಇದಿಷ್ಟನ್ನೂ ಫೋನಿಗೆ ಹೇಳಿದರು, ನನ್ನತ್ತ ನೋಡಲಿಲ್ಲ. ಸಂಜೆ ಸಂಜೆಗೆ ಮೈ ಸೋಲುತ್ತದೆ ಎಂದು ಹೇಳಬೇಕೆಂದಿದ್ದೆ. ಸಕ್ಕರೆಯಿದ್ದರೆ ಸೋಲುತ್ತದೆ, ಅದರಲ್ಲಿ ಹೇಳುವುದೇನು.

ಜನವರಿ 8, ಬುಧವಾರ

ಇವರು ಮಲಗಿಬಿಟ್ಟಿದ್ದಾರೆ. ಕ್ಯಾಂಟೀನನ್ನು ಮ್ಯಾನೇಜರ್ ಹರಿಶ್ಚಂದ್ರನಿಗೆ ಒಪ್ಪಿಸಿಯಾಯಿತು. ಮೊನ್ನೆ ಶನಿವಾರದವರೆಗೆ ಠಾಣೆಯಲ್ಲಿ ಇಳಿದು ತುರ್ಭೆಯ ರೈಲಿಗೆ ಓಡಿ ಹತ್ತುತ್ತಿದ್ದವರು ಈಗ ಹಾಸಿಗೆಯಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಾರೆ. ಒಂದು ಅಂಕಿಗೆ ಇಷ್ಟು ಶಕ್ತಿಯಿದೆಯೆಂದು ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ದಾಳಿಂಬೆ ರಸ, ಹನ್ನೊಂದಕ್ಕೆ ಖರ್ಜೂರ ಹಾಕಿ ಕುದಿಸಿದ ಹಾಲು, ಊಟಕ್ಕೆ ಬೀಟ್‌ರೂಟ್, ಸಂಜೆ ಶೇಂಗಾ ಬೆಲ್ಲ, ಮೇಲಿಂದ ಕಬ್ಬಿಣಾಂಶದ ಟಾನಿಕ್. ನನಗೆ ಒಣ ಚಪಾತಿ ಮತ್ತು ಸೋರೆಕಾಯಿ. ಕೆನ್ನೆ ಮಾವಿನಹಣ್ಣಿನ ಹಾಗೆ ಕೆಂಪಗಿಟ್ಟುಕೊಂಡು "ಹರಿಣಿ, ನನ್ನ ಕಣ್ಣು ಬಿಳಿ ಆಗಿದೆಯಾ ನೋಡು ಮಾರಾಯ್ತಿ" ಎನ್ನುತ್ತಾರೆ. ನೋಡಿದೆ. ನನಗಂತೂ ಎಲ್ಲಿಯೂ ಬಿಳಿ ಕಾಣಲಿಲ್ಲ.

ಲಿಫ್ಟ್ ಕೆಟ್ಟು ವಾರವಾಯಿತು. ಸೊಸೈಟಿಯ ಸೆಕ್ರೆಟರಿಗೆ ಹೇಳಿದರೆ "ಹೋ ಜಾಯೇಗಾ", ಆಗುತ್ತದೆ ಬಿಡಿ, ಎನ್ನುತ್ತಾನೆ, ಅವನ ಮನೆ ತಳಮಹಡಿಯಲ್ಲಿ. ಠಾಣೆಯ ಶಾಲೆಯಲ್ಲಿ ಕಚೇರಿ ಕೆಲಸ ಮುಗಿಸಿ ಬಂದು, ದಾಳಿಂಬೆಯ ಚೀಲ ಹೊತ್ತು ಮೂರು ಮಾಳಿಗೆ ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತೆ. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಸಕ್ಕರೆ ಕಾಯಿಲೆಯ ಪ್ರತಾಪ ಇಷ್ಟು ಬೇಗ ತಿಳಿಯುತ್ತದೆಂದು ಗೊತ್ತಿರಲಿಲ್ಲ.

ಜನವರಿ 12, ಭಾನುವಾರ

ದರ್ಶನಕ್ಕೆ ಜನ. ಒಬ್ಬರ ಹಿಂದೆ ಒಬ್ಬರು ಎಳನೀರು, ಖರ್ಜೂರ, ಬುದ್ಧಿವಾದ ಹಿಡಿದುಕೊಂಡು ಬಂದರು. ಕಲ್ಯಾಣದ ಕನ್ನಡ ಸಂಘದ ಅಧ್ಯಕ್ಷರು ಬಂದು, ಮೇ ತಿಂಗಳ ವಾರ್ಷಿಕೋತ್ಸವದಲ್ಲಿ ಇವರಿಗೆ ಸನ್ಮಾನ ಇದೆ, ಅಷ್ಟರೊಳಗೆ ಗುಣವಾಗಬೇಕು ಎಂದರು. ಗುಣವಾಗದಿದ್ದರೆ ಸನ್ಮಾನ ಯಾರಿಗೆಂದು ಈಗಲೇ ಲೆಕ್ಕ ಹಾಕುತ್ತಿದ್ದಾರೆ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಮಧ್ಯಾಹ್ನ ಇವರ ತಂಗಿ ಜ್ಯೋತ್ಸ್ನಾ ಐರೋಲಿಯಿಂದ ಮೇಕೆಯ ಯಕೃತ್ತು ಹಾಕಿದ ಕಲೇಜಿ ಸಾರು ಹೊತ್ತು ತಂದಳು. ಅಣ್ಣನನ್ನು ಕಂಡು ಬಾಗಿಲಲ್ಲೇ ಅಳು. "ಅತ್ತಿಗೆ, ಅಣ್ಣ ಎಷ್ಟು ಬಿಳಿಚಿಕೊಂಡಿದ್ದಾನೆ ನೋಡಿ! ನಿಮಗೆ ಇಷ್ಟು ದಿನ ಕಾಣಲಿಲ್ವಾ?" ಆಮೇಲೆ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ, "ಬೇಜಾರು ಮಾಡ್ಬೇಡಿ ಅತ್ತಿಗೆ, ಮನೆಯಲ್ಲಿ ಹೀಗೆಲ್ಲ ಇರುವಾಗ ಮುಖಕ್ಕೆ ಅಷ್ಟು ಪೌಡರ್ ಚಂದ ಕಾಣೂದಿಲ್ಲ" ಎಂದಳು.

ನಾನು ಪೌಡರ್ ಹಚ್ಚಿರಲಿಲ್ಲ.

ಬಂದವರಿಗೆಲ್ಲ ಕಾಫಿ ಮಾಡಿ ಮಾಡಿ ಕಾಲು ನಡುಗಲು ಶುರುವಾಯಿತು. ಫ್ರಿಜ್ಜಿನ ಐಸನ್ನು ಬಾಯಿಗೆ ಹಾಕಿಕೊಂಡು ಕಡಿದೆ, ತುಸು ಹಿತವೆನಿಸಿತು. ಈ ತಿಂಗಳ ಮುಟ್ಟು ಶುರುವಾಗಿ ವಾರ ದಾಟಿದೆ, ನಿಲ್ಲುವ ಲಕ್ಷಣವಿಲ್ಲ. ಕಳೆದ ತಿಂಗಳೂ ಹೀಗೇ. ನಲವತ್ತೆಂಟರ ವಯಸ್ಸಿನಲ್ಲಿ ಹೀಗೆಯೇ ಅಂತೆ. ರೋಗಿಯಿರುವ ಮನೆಯಲ್ಲಿ ಇದನ್ನೆಲ್ಲ ಯಾರ ಮುಂದೆ ಹೇಳುವುದು.

ಜನವರಿ 16, ಗುರುವಾರ

ಬೆಳಿಗ್ಗೆ ಕಕ್ಕಸಿನೊಳಗಿಂದ ಕೂಗು. "ಕಪ್ಪು! ಡಾಂಬರಿನ ಹಾಗೆ ಕಪ್ಪು ಉಂಟು ಹರಿಣಿ!"

ಸುಜನ್ ಫೋನಿನಲ್ಲಿ ಹುಡುಕಿ, ಮುಖ ಸಣ್ಣಗೆ ಮಾಡಿಕೊಂಡು, "ಪಪ್ಪಾ, ಅಂದರ್ ಬ್ಲೀಡಿಂಗ್ ಹೋ ಸಕ್ತಾ ಹೈ" ಎಂದ. ಒಳಗೆ ರಕ್ತ ಸೋರುತ್ತಿರಬಹುದು ಎಂದು ಕನ್ನಡದಲ್ಲಿ ಹೇಳಿದ್ದರೆ ಇವರು ಇನ್ನೂ ಹೆಚ್ಚು ಹೆದರುತ್ತಿದ್ದರೋ ಏನೋ. ಚಂದ್ರಾಮ ಡಾಕ್ಟರಿಗೆ ಫೋನು ಹೋಯಿತು. ಠಾಣೆಯ ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ, ತಡ ಮಾಡಬೇಡಿ ಎಂದರು. 'ಗಡ್ಡೆ' ಎಂಬ ಶಬ್ದವನ್ನೂ ಉದುರಿಸಿದರಂತೆ. ಇಪ್ಪತ್ತನಾಲ್ಕಕ್ಕೆ ದಿನ ಸಿಕ್ಕಿದೆ.

ಇವರು ಅತ್ತರು. ನಿಜವಾಗಿ ಅತ್ತರು. ನನ್ನ ಕೈ ಹಿಡಿದುಕೊಂಡು, "ನಿನ್ನ ಕೈ ಯಾಕೆ ಇಷ್ಟು ತಣ್ಣಗೆ?" ಎಂದು ಕೇಳಿದರು. ಉತ್ತರ ಹೇಳುವ ಮೊದಲೇ, ಸುಜನನ ಮದುವೆ ನೋಡುವ ಯೋಗ ತನಗಿಲ್ಲ ಎಂದು ಮುಂದುವರಿಸಿದರು. ದಿನವಿಡೀ ಚೊಂಬುಗಟ್ಟಲೆ ನೀರು ಕುಡಿಯುತ್ತಾರೆ, ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುತ್ತಾರೆ. ಭಯಕ್ಕೆ ಹಾಗಾಗುತ್ತದಂತೆ. ಕ್ಯಾಂಟೀನಿನಲ್ಲಿ ನಾಲ್ಕು ಜನ ಹಮಾಲರನ್ನು ಒಟ್ಟಿಗೆ ಗದರಿಸುವ ಮನುಷ್ಯ.

ಇವರು ಸತ್ತರೆ ಎಂದು ಒಂದು ಕ್ಷಣ ಯೋಚಿಸಿದೆ. ಕೈಯಲ್ಲಿದ್ದ ದಾಳಿಂಬೆಯನ್ನು ಸಿಪ್ಪೆ ಸಹಿತ ಹಿಂಡಿಬಿಟ್ಟೆ. ಸಿಟ್ಟೇ ಇರಬೇಕು.

ಜನವರಿ 20, ಸೋಮವಾರ

ಶಾಲೆಯ ಕಚೇರಿಯಲ್ಲಿ ಫೀಸಿನ ರಸೀದಿಗಳನ್ನು ಎರಡು ಸಲ ತಪ್ಪು ಬರೆದೆ. ಹೆಡ್‌ಮಿಸ್ಟ್ರೆಸ್ ಅಮ್ಮನವರು ಕನ್ನಡಕದ ಮೇಲಿಂದ ನೋಡಿದರು. ಅವರು ಮಾಡುವ ತಪ್ಪುಗಳನ್ನು ತಿದ್ದುತ್ತಾ ನಾನು ಹನ್ನೆರಡು ವರ್ಷ ಕಳೆದಿದ್ದೇನೆ.

ವಾಪಸು ಬರುವಾಗ ರೈಲಿನಲ್ಲಿ ಕಣ್ಣು ಕತ್ತಲಿಟ್ಟಿತು. ಯಾರೋ ಹುಡುಗಿ ಎದ್ದು ಸೀಟು ಕೊಟ್ಟಳು. ಲೇಡೀಸ್ ಡಬ್ಬಿಯಲ್ಲಿ ಸಂಜೆ ಹೊತ್ತು ಸೀಟು ಬಿಟ್ಟುಕೊಡುವ ಹೆಂಗಸು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ನಾನು ಅಷ್ಟು ಮುದುಕಿಯಾದೆನೇ?

ಜನವರಿ 22, ಬುಧವಾರ

ಬರೆಯಲು ಕೈ ಏಳುವುದಿಲ್ಲ. ಒಂದು ಮುಷ್ಟಿ ಹಸಿ ಅಕ್ಕಿ ತಿಂದೆ. ಡಾಕ್ಟರು ಅನ್ನ ಬಿಡಿ ಎಂದಿದ್ದಾರೆ, ಅಕ್ಕಿ ಬಿಡಿ ಎಂದಿಲ್ಲ.

ಜನವರಿ 24, ಶುಕ್ರವಾರ

ನಾವು ಮೂವರು ಠಾಣೆಗೆ ಹೋದೆವು. ಇವರು, ಜ್ಯೋತ್ಸ್ನಾ, ಮತ್ತು ನೀರು, ಶಾಲು, ಫೈಲು ಹೊರಲು ನಾನು. ಕ್ಯಾಮೆರಾ ಬಿಡುವ ಮೊದಲು ಅಲ್ಲಿಯೂ ರಕ್ತ ತೆಗೆದರು. ಅಮಿತಾ ಎಂಬ ಡಾಕ್ಟರು, ಇನ್ನೂ ಸಣ್ಣ ಪ್ರಾಯ, ಹೊಸ ರಿಪೋರ್ಟು ಹಿಡಿದು ಬಂದವರು ಇವರನ್ನು ಮೇಲಿಂದ ಕೆಳಗೆ ನೋಡಿದರು. ಇವರ ಹಿಮೋಗ್ಲೋಬಿನ್ 15.6. ಸಕ್ಕರೆ ಮುನ್ನೂರು ದಾಟಿದೆ.

ಜ್ಯೋತ್ಸ್ನಾ ಕೈ ಮುಗಿದು "ಕಲೇಜಿ ಸಾರು ನಾಟಿತು" ಎಂದಳು. ಡಾಕ್ಟರು ನಗಲಿಲ್ಲ. ಯಾವ ಸಾರು ಕುಡಿದರೂ ಮೂರು ವಾರದಲ್ಲಿ ಇಷ್ಟು ರಕ್ತ ಏರುವುದಿಲ್ಲ, ಹಳೆಯ ರಿಪೋರ್ಟು ಈ ಮನುಷ್ಯನದೇ ಅಲ್ಲ, ಬೇರೆ ಯಾರದೋ, ಅದಲುಬದಲಾಗಿದೆ ಎಂದರು. ಕಪ್ಪಗಾದದ್ದು ಟಾನಿಕ್ಕಿನಿಂದ. ಕಬ್ಬಿಣದ ಮದ್ದು ಕುಡಿದವರಿಗೆಲ್ಲ ಹಾಗೇ ಆಗುತ್ತದೆ, ನಿಮ್ಮ ಡಾಕ್ಟರು ಹೇಳಲಿಲ್ಲವೇ ಎಂದು ಕೇಳಿದರು. ಕ್ಯಾಮೆರಾ ಬೇಡವೆಂದು ಬರೆದು, ಸಕ್ಕರೆಗೆ ಮದ್ದು ಕೊಟ್ಟರು. ಇನ್ನೊಬ್ಬ ರೋಗಿಗೆ ವಿಪರೀತವಾಗಿದೆಯೆಂದು ಯಾರೋ ಕರೆದರು, ಡಾಕ್ಟರು ಓಡಿದರು.

"ಪಾಪ, ಯಾರದೋ ಆ ರಿಪೋರ್ಟು!" ಎಂದು ಜ್ಯೋತ್ಸ್ನಾ ಲೊಚಗುಟ್ಟಿದಳು. ಇವರು ಗಡ್ಡೆಯಿಲ್ಲವೆಂಬ ಖುಷಿಗೆ ಆಸ್ಪತ್ರೆಯ ಗೇಟಿನಲ್ಲೇ ನಿಂತು ಕಬ್ಬಿನ ಹಾಲು ಕುಡಿದರು. ದೊಡ್ಡ ಗ್ಲಾಸು.

ಜ್ಯೋತ್ಸ್ನಾ ಐರೋಲಿಯ ರೈಲು ಹಿಡಿದಳು. ನಾವಿಬ್ಬರು ಡೊಂಬಿವಲಿಯ ಕಡೆಗೆ. ರೈಲು ಕಳವಾ ದಾಟುವಾಗ ನನಗೆ ತಿಳಿಯಿತು. ಇವರದು ಸಕ್ಕರೆಯ ರಕ್ತ. ಆ ಸಕ್ಕರೆ ಇದ್ದದ್ದು ನನ್ನ ಹೆಸರಿನ ರಿಪೋರ್ಟಿನಲ್ಲಿ. ನನ್ನ ಚೀಟಿಯ ಟ್ಯೂಬು ಮುಂದಿತ್ತು, ಅದಕ್ಕೆ ತೋಳು ಚಾಚಿದ್ದು ಇವರು. ಚಾಚಿಸಿದ್ದು ನಾನು. ಬೇರೆ ಯಾರದೋ ಎಂದು ಡಾಕ್ಟರು ಹೇಳಿದ ಆ 6.8 ಎಲ್ಲಿಂದಲೂ ಬರಲಿಲ್ಲ, ನಮ್ಮ ಮನೆಯಲ್ಲೇ ದೋಸೆ ಹುಯ್ಯುತ್ತಿತ್ತು.

ಇವರಿಗೆ ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದರು. "ಓ, ಹೌದಲ್ಲ! ಅದು ನಿಂದು! ದೇವರು ದೊಡ್ಡವನು ಮಾರಾಯ್ತಿ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನನ್ನ ಮುಖ ನೋಡಿ, "ಹೆಂಗಸರಿಗೆ ಅದು ಇರ್ತದೆ. ನಮ್ಮ ಅಮ್ಮನಿಗೂ ಹಾಗೇ ಇತ್ತು" ಎಂದರು.

"ಅವರು ಹೇಗೆ ತೀರಿಕೊಂಡರು?"

"ಎಂತ ಇಲ್ಲ. ಸುಸ್ತು ಸುಸ್ತು ಅಂತಿದ್ರು. ಹೋದ್ರು."

ಜನವರಿ 25, ಶನಿವಾರ

ಚಂದ್ರಾಮ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ನಡೆದದ್ದನ್ನೆಲ್ಲ ಹೇಳಿ, ಅದೇ ರಿಪೋರ್ಟನ್ನು ಮುಂದಿಟ್ಟೆ. ಈ ಸಲ ಅವರು ಎದ್ದು ನಿಲ್ಲಲಿಲ್ಲ.

"ಲ್ಯಾಬಿನವ್ರು ಭಾಳ ಹಲ್ಕಟ್ ಆಗ್ಯಾರ್ರಿ" ಎಂದು ಬೈದು, ಚೀಟಿ ಎಳೆದುಕೊಂಡರು. "ಹೆಣ್ಮಕ್ಕಳಿಗೆ ರಕ್ತ ಕಡಿಮಿ ಇರೋದು ಸಹಜ ಅದ. ಟಾನಿಕ್ ಬರದೀನಿ. ಪಾಲಕ್ ತಿನ್ರಿ, ಚಿಂತಿ ಮಾಡಬ್ಯಾಡ್ರಿ."

"ಡಾಕ್ಟ್ರೇ, ಇದೇ ಅಂಕಿಗೆ ನೀವು ಆವತ್ತು ಕುರ್ಚಿ ಬಿಟ್ಟು ಎದ್ದಿದ್ರಿ. ಆಟ ಅಲ್ಲ ಅಂದ್ರಿ. ಒಳಗೆ ಎಲ್ಲೋ ಸೋರ್ತದೆ, ಹುಡುಕಬೇಕು ಅಂದ್ರಿ."

"ಅದು ಗಂಡಸರ ರಿಪೋರ್ಟ್ ಇತ್ತಲ್ಲರಿ."

ಮನುಷ್ಯ ಸುಳ್ಳು ಹೇಳಲಿಲ್ಲ, ಅಷ್ಟು ಮೆಚ್ಚಬೇಕು. ಹೆಂಗಸರಿಗೆ ಹನ್ನೆರಡು ಇರಬೇಕೆಂದು ಅವರ ಕೈಯಲ್ಲಿದ್ದ ಅದೇ ಕಾಗದದಲ್ಲಿ ಅಚ್ಚಾಗಿದೆ. ನನ್ನಲ್ಲಿ ಎಲ್ಲಿ ಸೋರುತ್ತಿದೆ ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. ಮುಟ್ಟು ನಿಲ್ಲದೆ ಇಷ್ಟು ವಾರಗಳಿಂದ ಹೋಗುತ್ತಿದೆ ಎಂದು ಜೋರಾಗಿಯೇ ಹೇಳಿದೆ, ಹೊರಗೆ ಕೂತವರಿಗೆ ಕೇಳಿಸಿದರೂ ಕೇಳಿಸಲಿ ಎಂದು. ಅವರು ಪೆನ್ನಿನ ಮುಚ್ಚಳವನ್ನು ನೋಡುತ್ತಾ "ವಯಸ್ಸಿಗೆ ತಕ್ಕಂಗರಿ" ಎಂದರು. ಸಕ್ಕರೆಯ ಗುಳಿಗೆ ಬಿಡಬೇಕೇ ಎಂದು ಕೇಳಿದ ಮೇಲೆ "ಹಾಂ, ಅದು ಬಿಡ್ರಿ" ಎಂದರು. ಕೇಳದಿದ್ದರೆ ಜನ್ಮವಿಡೀ ತಿನ್ನುತ್ತಿದ್ದೆ.

ಮನೆಗೆ ಬಂದರೆ ಜ್ಯೋತ್ಸ್ನಾ ಬಂದಿದ್ದಳು. ಅಣ್ಣನಿಗೆ ಸಕ್ಕರೆಯಲ್ಲವೇ, ಪಾಪ, ನೋಡಲು ಬಂದಿದ್ದಳು. ಉಳಿದಿದ್ದ ದಾಳಿಂಬೆ, ಖರ್ಜೂರ, ಬೆಲ್ಲವನ್ನೆಲ್ಲ ಚೀಲಕ್ಕೆ ತುಂಬಿಸುತ್ತಿದ್ದಳು. "ಅಣ್ಣ ಇನ್ನು ಇದನ್ನೆಲ್ಲ ತಿನ್ನುವ ಹಾಗಿಲ್ಲ ಅಲ್ವಾ ಅತ್ತಿಗೆ. ಸುಮ್ಮನೆ ಹಾಳಾಗ್ತದೆ."

ನಾನು ಚೀಲವನ್ನು ನೋಡಿದೆ. ಅವಳು ಅದರ ಬಾಯಿ ಕಟ್ಟಿದಳು. ದಿನವಿಡೀ ಊರಿನಿಂದ, ಮೀರಾ ರೋಡಿನಿಂದ, ಪನ್ವೇಲಿನಿಂದ ಫೋನು ಬಂತು. ಎಲ್ಲವನ್ನೂ ನಾನೇ ತೆಗೆದುಕೊಂಡೆ. ಎಲ್ಲರೂ ಕೇಳಿದ್ದು ಇವರ ಸಕ್ಕರೆ ಎಷ್ಟೆಂದು. ಇವರು ಸೋಫಾದಲ್ಲಿ ಕೂತು, "ಇನ್ನು ಮೇಲೆ ನನಗೆ ಬೇರೆ ಅಡಿಗೆ ಆಗಬೇಕಲ್ಲ, ಬೆಳಿಗ್ಗೆ ರಾಗಿ ಮಾಡ್ತೀಯಾ ಅಥವಾ ಗೋಧಿಯಾ?" ಎಂದರು. ಇವರೆಲ್ಲರ ಮೇಲೂ ನನಗೆ ಹೇಸಿಗೆಯಾಯಿತು. ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು, ಯಾಕೆಂದರೆ ರಾಗಿ ಎಂದು ಉತ್ತರ ಕೊಟ್ಟೆ.

ಜನವರಿ 27, ಸೋಮವಾರ

ಬೆಳಿಗ್ಗೆ ಎಂದಿನಂತೆ ಹೊರಟೆ. ಠಾಣೆಯಲ್ಲಿ ಇಳಿದು ಶಾಲೆಗೆ ಹೋಗಲಿಲ್ಲ. ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ ಅಮಿತಾ ಡಾಕ್ಟರ ಬಾಗಿಲ ಹೊರಗೆ ಕೂತೆ. ಒಳಗೆ ಕರೆದಾಗ, ಆವತ್ತು ಬೇರೆ ಯಾರದೋ ಎಂದಿರಲ್ಲ, ಅದು ನನ್ನದು ಎಂದೆ.

ಅವರು ಎದ್ದು ಬಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ಮಣ್ಣು, ಐಸು, ಅಕ್ಕಿ ಏನಾದರೂ ತಿನ್ನಬೇಕೆನಿಸುತ್ತದೆಯೇ ಎಂದು ಕೇಳಿದರು. ನನಗೆ ನಾಚಿಕೆಯಾಯಿತು, ಡಾಕ್ಟರಿಗೆ ಹೇಗೆ ಗೊತ್ತು? ರಕ್ತದಲ್ಲಿ ಕಬ್ಬಿಣ ಮುಗಿದವರು ಹಾಗೆ ತಿನ್ನುತ್ತಾರಂತೆ. ಈಗ 5.9. ಸೋನೋಗ್ರಫಿಯಲ್ಲಿ ಗರ್ಭಕೋಶದೊಳಗೆ ಗಡ್ಡೆ ಕಂಡಿತು. ಕೆಟ್ಟ ಜಾತಿಯದಲ್ಲ ಎಂದು ಕಾಣುತ್ತದೆ, ಆದರೆ ಸೋರುವುದು ಅದರಿಂದಲೇ. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಹೃದಯ ಸೋತು ಮೆಟ್ಟಿಲಲ್ಲೇ ಬೀಳುತ್ತಿದ್ದಿರಿ ಎಂದು ಮರಾಠಿಯಲ್ಲಿ ಚೆನ್ನಾಗಿ ಬೈದರು. ಮನೆಯಲ್ಲಿ ಯಾರಿಗೂ ಕಣ್ಣಿಲ್ಲವೇ ಎಂದರು. ನನ್ನ ಪರವಾಗಿ ಯಾರಾದರೂ ಸಿಟ್ಟಾದದ್ದು ನೆನಪಿಲ್ಲ. ಬೈಗಳು ತಿಂದು ಕಣ್ಣಲ್ಲಿ ನೀರು ಬಂತು.

"ಜೊತೆಗೆ ಯಾರಿದ್ದಾರೆ?"

"ಯಾರೂ ಇಲ್ಲ. ನಾನೇ ಸಹಿ ಮಾಡ್ತೇನೆ."

ಈಗ ಮಂಚದ ಮೇಲೆ ಕೂತು, ಬಲಗೈಗೆ ಸೂಜಿ ಚುಚ್ಚಬೇಡಿ ಎಂದು ಹೇಳಿ ಬರೆಯುತ್ತಿದ್ದೇನೆ. ಎಡಗೈಗೆ ಯಾರದೋ ರಕ್ತ ಹನಿಹನಿಯಾಗಿ ಇಳಿಯುತ್ತಿದೆ. ಕೊಟ್ಟವರು ಯಾರೆಂದು ಗೊತ್ತಿಲ್ಲ. ಗೊತ್ತಿದ್ದರೆ ಅವರಲ್ಲೂ ಏನಾದರೊಂದು ಕುಂದು ಹುಡುಕುತ್ತಿದ್ದೆ. ಸುಜನನಿಗೆ ಮೆಸೇಜು ಹಾಕಿದ್ದೇನೆ. ಅಡಿಗೆಯ ವಿಷಯ ಏನೂ ಬರೆಯಲಿಲ್ಲ.

ಜನವರಿ 28, ಮಂಗಳವಾರ

ಎರಡನೆಯ ಬಾಟಲಿಯೂ ಮುಗಿಯಿತು. ಕಿಟಕಿಯಿಂದ ಕಾಣುವ ಮರಕ್ಕೆ ಎಲೆಗಳಿರುವುದು ಇವತ್ತು ಸರಿಯಾಗಿ ಕಂಡಿತು. ಪಕ್ಕದ ಮಂಚದ ಟಿಟ್ವಾಳಾದ ಅಜ್ಜಿ ಸೊಸೆಯನ್ನು ಬೈಯುವುದನ್ನು ಕೇಳಿ ನಗು ಬಂತು. ಪಾಪ, ಅಜ್ಜಿಗೂ ಬೇಜಾರು.

ನಿನ್ನೆ ಸಂಜೆ ಸುಜನ್ ಬಂದು ನನ್ನ ಕಾಲ ಬಳಿ ಕೂತಿದ್ದ. ಹೋಗುವಾಗ "ಸಾರಿ ಅಮ್ಮ" ಎಂದ. ಅಷ್ಟನ್ನಾದರೂ ಹಿಂದಿಯಲ್ಲಿ ಹೇಳಲಿಲ್ಲ.

ಇವತ್ತು ಇವರು ಬಂದರು, ಮೋಸಂಬಿಯ ಚೀಲ ಹಿಡಿದು. ಅಂಗಿಯ ಗುಂಡಿ ಒಂದರ ಬದಲು ಇನ್ನೊಂದಕ್ಕೆ ಹಾಕಿಕೊಂಡಿದ್ದರು. ಡಾಕ್ಟರ ಕೈಯಲ್ಲಿ ಬೈಸಿಕೊಂಡು ಬಂದದ್ದು ಮುಖದಲ್ಲೇ ತಿಳಿಯುತ್ತಿತ್ತು. ಸ್ಟೂಲಿನ ಮೇಲೆ ಕೂತರು. ಮನೆಗೆ ಯಾವಾಗ ಬರುತ್ತಿ ಎಂದು ಕೇಳಲಿಕ್ಕೆ ಬಾಯಿ ತೆರೆದು ಮುಚ್ಚಿದರು.

"ಆಪರೇಷನ್ ಉಂಟಂತೆ" ಎಂದರು.

"ಹೌದು. ರಕ್ತ ಹತ್ತು ದಾಟಿದ ಮೇಲೆ."

ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. "ನೀನು ಹಣ್ಣಿನ ಚೀಲ ಹೊತ್ತು ಮೇಲೆ ಬರ್ತಿದ್ದಿ ಅಲ್ವಾ. ನಿನ್ನ ಉಸಿರು ನನಗೆ ಒಳಗೆ ಕೇಳ್ತಿತ್ತು ಹರಿಣಿ. ಕೇಳ್ತಿತ್ತು. ಎಂತ ಇಷ್ಟು ಏದುಸಿರು ಬಿಡ್ತಾಳೆ, ನನಗೆ ನಿದ್ದೆ ಹಾಳಾಗ್ತದೆ ಅಂತ ಮಗ್ಗುಲು ತಿರುಗ್ತಿದ್ದೆ." ಕಣ್ಣೀರು ಚೀಲದ ಮೇಲೆ ಬಿತ್ತು. "ನಿನ್ನ ಕಾಯಿಲೆಗೆ ನಾನು ಮಲಗಿದ್ದೆ ಮಾರಾಯ್ತಿ."

ಇದಕ್ಕಿಂತ ದೊಡ್ಡ ಕಣ್ಣೀರನ್ನು ತನ್ನ ಗಡ್ಡೆಗಾಗಿ ಸುರಿಸಿದ್ದನ್ನು ನಾನು ನೋಡಿದ್ದೇನೆ. ಆದರೂ ಇದು ನನಗೆ ಬಂದ ಕಣ್ಣೀರು. ಒರೆಸಿಕೊಳ್ಳಿ ಎಂದು ಟವೆಲು ಕೊಟ್ಟೆ.

ಆಮೇಲೆ ಮೋಸಂಬಿ ಸುಲಿಯಲು ಕೂತರು. ಕ್ಯಾಂಟೀನು ನಡೆಸುವ ಮನುಷ್ಯನಿಗೆ ಒಂದು ಹಣ್ಣು ಸುಲಿಯಲು ಬಾರದು, ಅರ್ಧ ರಸ ಪ್ಯಾಂಟಿನ ಮೇಲೆ. ಮೊದಲ ತೊಳೆ ಅಭ್ಯಾಸದಂತೆ ತಮ್ಮ ಬಾಯಿಯ ಕಡೆಗೇ ಹೊರಟಿತು. ನಾನು ಕೈ ಚಾಚಿದೆ. ಇವರು ಒಮ್ಮೆ ತೊಳೆಯನ್ನು, ಒಮ್ಮೆ ನನ್ನನ್ನು ನೋಡಿ ಕೊಟ್ಟರು. ಎರಡನೆಯದನ್ನೂ ಕೊಟ್ಟರು. ಹಣ್ಣು ಹುಳಿಯಾಗಿತ್ತು. ಪೂರ್ತಿ ತಿಂದು ಮುಗಿಸಿ, ಇನ್ನೊಂದು ಸುಲಿಯಿರಿ ಎಂದೆ. ಸುಲಿದರು.